ಸೈಡ್ ‘ಬಿ’ಯ ಕೊನೆಯ ನಾಲ್ಕು ನಿಮಿಷ

ಯಾವ ಸಂಗೀತ ಕೇಳಬೇಕೆಂದು ಹೇಳುವ ಈ ಅಂಕಣಕ್ಕೆ ಈ ಸಲ ಬಂದ ಪತ್ರಗಳಲ್ಲಿ ಅರ್ಧ ಬೇಡಿಕೆ, ಅರ್ಧ ಬೈಗುಳ. ಹಾಗಲಕಾಯಿ ಪಲ್ಯವನ್ನು ಮೊದಲೇ ತಿಂದು ಮುಗಿಸುವವನು ನಾನು. ಬೈಗುಳದಿಂದಲೇ ಶುರು.

● ನೀವು ಶಿಫಾರಸು ಮಾಡುವವರೆಲ್ಲ ತೀರಿಕೊಂಡವರು. ಕಳೆದ ನಾಲ್ಕು ಸಂಚಿಕೆ ತೆಗೆದು ಎಣಿಸಿದ್ದೇನೆ. ಬದುಕಿರುವವರು ಯಾರೂ ಹಾಡುತ್ತಿಲ್ಲವೇ? ಹೊಸ ಆಲ್ಬಮ್ ಒಂದು ಹೇಳಿ. ಕನ್ನಡದ್ದಾದರೆ ಇನ್ನೂ ಒಳ್ಳೆಯದು.
— ಬೆಂಗಳೂರಿನ ಓದುಗ, 27 ವರ್ಷ

ನಾನೂ ಎಣಿಸಿದೆ. ನಿಮ್ಮ ಲೆಕ್ಕ ಸರಿ. ಬದುಕಿರುವವರು ಹಾಡುತ್ತಿದ್ದಾರೆ, ಅದೂ ನಿಮ್ಮ ಊರಿನಲ್ಲೇ. ವಾರಿಜಶ್ರೀ ವೇಣುಗೋಪಾಲ್ ಅವರ ‘ವಾರಿ’ ಕೇಳಿ, 2024ರದ್ದು. ಕೊಳಲು ವಿದ್ವಾಂಸರ ಮಗಳು, ತಾನೂ ಕೊಳಲು ನುಡಿಸುತ್ತಾರೆ. ಮಾತು ಸರಿಯಾಗಿ ಬರುವ ಮೊದಲೇ ರಾಗ ಗುರುತಿಸುತ್ತಿದ್ದ ಕೂಸು ಎಂದು ಅವರ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನಗೆ ಅದು ಮುಖ್ಯವಲ್ಲ. ರಾಗ ಗುರುತಿಸುವ ಕೂಸುಗಳು ದೊಡ್ಡವರಾಗಿ ಬರೀ ರಾಗ ಗುರುತಿಸುವವರಾಗಿಯೇ ಉಳಿದದ್ದೂ ಉಂಟು. ಈಕೆ ಹಾಗಾಗಲಿಲ್ಲ.

ಆಲ್ಬಮ್ಮಿನ ನಿರ್ಮಾಪಕ ಮೈಕಲ್ ಲೀಗ್, ಅಮೆರಿಕದ ‘ಸ್ನಾರ್ಕಿ ಪಪ್ಪಿ’ ತಂಡದ ಬೇಸ್ ವಾದಕ. ಬ್ರೆಜಿಲ್‌ನ ಹ್ಯಾಮಿಲ್ಟನ್ ಡಿ ಹೊಲಾಂಡಾ ಮ್ಯಾಂಡೊಲಿನ್ ಜಾತಿಯ, ಹತ್ತು ತಂತಿಯ ಬ್ಯಾಂಡೊಲಿಮ್ ನುಡಿಸಿದ್ದಾರೆ. ಇಷ್ಟೆಲ್ಲ ಅತಿಥಿಗಳು ಎಂದಾಗ ನನಗೆ ಭಯವಾಗಿತ್ತು. ಮದುವೆಮನೆಯಲ್ಲಿ ಗಣ್ಯರು ಹೆಚ್ಚಾದರೆ ವಧುವೇ ಕಾಣಿಸುವುದಿಲ್ಲ ನೋಡಿ. ಶಿವಮೊಗ್ಗದಿಂದ ಬೆಳಗಿನ ಜನಶತಾಬ್ದಿ ಹತ್ತಿ, ಭದ್ರಾವತಿ ದಾಟಿದ ಮೇಲೆ ಹಾಕಿಕೊಂಡೆ. ಮೊದಲ ಸುತ್ತು ಮುಗಿದಾಗ ಬೀರೂರೋ ಕಡೂರೋ, ಇನ್ನೊಮ್ಮೆ ಹಾಕಿದೆ. ಎರಡನೇ ಸುತ್ತಿನಲ್ಲಿ ಗೊತ್ತಾಗಿದ್ದು ಏನೆಂದರೆ, ಈ ದನಿ ವಾದ್ಯಗಳ ನಡುವೆ ಇನ್ನೊಂದು ವಾದ್ಯದ ಹಾಗೆ ನುಸುಳಿ ಹೋಗುತ್ತದೆ, ಬೇಕೆಂದಾಗ ಮಾತಾಗಿ ಹೊರಗೆ ಬರುತ್ತದೆ. ಆ ಮಾತು ಕನ್ನಡ. ಒಂದು ಹಾಡಿನ ಹೆಸರು ‘ತೀರದ ವಿಸ್ಮಯ’. ಮುಗಿಯದ ವಿಸ್ಮಯವೋ, ದಡದ ವಿಸ್ಮಯವೋ? ಎರಡೂ ಸರಿಯೇ. ಬೇರೆ ಭಾಷೆಗೆ ಹೊತ್ತೊಯ್ದರೆ ಒಂದನ್ನು ಇಳಿಸಿ ಹೋಗಬೇಕಾಗುತ್ತದೆ.

ಷರತ್ತು ಒಂದೇ: ಯಾವುದೋ ಒಂದು ಹಾಡು ಆರಿಸಿ ಕೇಳಬೇಡಿ, ಪೂರ್ತಿ ಕೇಳಿ. ಯಾಕೆಂದು ಹೇಳುತ್ತೇನೆ.

ನಾನು 21 ವರ್ಷ ಶಿವಮೊಗ್ಗದಲ್ಲಿ ಕ್ಯಾಸೆಟ್ ಅಂಗಡಿ ಇಟ್ಟವನು. ಅಚ್ಚಾದ ಕ್ಯಾಸೆಟ್ ಮಾರುವುದಕ್ಕಿಂತ ‘ರೆಕಾರ್ಡಿಂಗ್’ ಮಾಡಿಕೊಡುವುದರಲ್ಲೇ ನಾಲ್ಕು ಕಾಸು ಹೆಚ್ಚು ಹುಟ್ಟುತ್ತಿತ್ತು. ಗಿರಾಕಿಗಳು ನೋಟ್‌ಬುಕ್ಕಿನ ಹಾಳೆಯಲ್ಲಿ ಹಾಡಿನ ಪಟ್ಟಿ ತರುತ್ತಿದ್ದರು, ನಾನು ಸಿ-60 ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದೆ. (ಅದು ಕಾನೂನಿಗೆ ವಿರುದ್ಧ. ಈಗ ಒಪ್ಪಿಕೊಂಡರೆ ಯಾರೂ ಹಿಡಿದುಕೊಂಡು ಹೋಗಲಾರರು ಎಂಬ ಧೈರ್ಯ.) ಒಂದು ಮಗ್ಗುಲಿಗೆ ಮೂವತ್ತು ನಿಮಿಷ. ಹಾಡುಗಳು ಲೆಕ್ಕಕ್ಕೆ ಸರಿಯಾಗಿ ಎಲ್ಲಿ ಕೂರುತ್ತವೆ? ಸೈಡ್ ‘ಬಿ’ಯ ತುದಿಯಲ್ಲಿ ಮೂರೋ ನಾಲ್ಕೋ ನಿಮಿಷ ಖಾಲಿ ಉಳಿಯುತ್ತಿತ್ತು. ಟೇಪು ಸುಮ್ಮನೆ ‘ಸ್ಸ್’ ಎನ್ನುತ್ತ ಓಡುವುದು ನನಗೆ ಆಗದು. ಅಲ್ಲಿ ನನಗೆ ಬೇಕಾದ್ದು ಹಾಕುತ್ತಿದ್ದೆ, ಹೇಳದೆ ಕೇಳದೆ. ಲೇಬಲ್ಲಿನಲ್ಲೂ ಬರೆಯುತ್ತಿರಲಿಲ್ಲ.

ಕೆಲವರು ಬೈದದ್ದುಂಟು. ಆದರೆ ತಿಂಗಳಾದ ಮೇಲೆ ಬಂದು, ಆಚೀಚೆ ನೋಡಿ, ‘ಕೊನೇಲಿ ಇತ್ತಲ್ಲ, ಅದ್ಯಾವುದು ಮಾರಾಯ್ರೇ?’ ಎಂದು ಕೇಳಿದವರೇ ಹೆಚ್ಚು. ಸಿನಿಮಾ ಡ್ಯುಯೆಟ್ ಬಿಟ್ಟು ಬೇರೇನೂ ಕೇಳದ ಒಬ್ಬ ಲಾರಿ ಮಾಲೀಕರು ಹೀಗೇ ಗಂಗೂಬಾಯಿ ಹಾನಗಲ್ಲರ ಗಿರಾಕಿಯಾದರು. ಮೊದಲು ಕೇಳಿದಾಗ ‘ಗಂಡಸೋ ಹೆಂಗಸೋ?’ ಅಂದಿದ್ದರು. ಮೂರನೇ ಕ್ಯಾಸೆಟ್ಟಿನ ಹೊತ್ತಿಗೆ ‘ಬಾಯಿಯವರದು’ ಅನ್ನುತ್ತಿದ್ದರು.

ನೀವು ಹುಡುಕಿ ಹೋದ ಹಾಡು ನಿಮಗೆ ಗೊತ್ತಿರುವುದೇ. ‘ವಾರಿ’ಯಲ್ಲಿ ನಿಮಗೆ ಹಿಡಿಸುವುದು ನೀವು ಆರಿಸದೇ ಇದ್ದದ್ದು ಎಂದು ಪಣ ಕಟ್ಟುತ್ತೇನೆ.

● ಮುಂದೆ ಏನು ಕೇಳಬೇಕೆಂದು ಆ್ಯಪೇ ಹೇಳುತ್ತದೆ. ಹಾಗಿರುವಾಗ ನಿಮ್ಮ ಅಂಕಣ ಯಾಕೆ?
— ಹೆಸರು ಬರೆಯದ ಓದುಗರು

ನನ್ನ ಮೊಮ್ಮಗಳು ಒಂದು ಸಂಜೆ ನನ್ನ ಫೋನಿನಲ್ಲಿ ಆನೆಯ ಪದ್ಯವನ್ನು ಹನ್ನೊಂದು ಸಲ ಕೇಳಿದಳು. ಮೂರು ತಿಂಗಳಾಯಿತು, ಮಾರ್ವಾ ರಾಗ ಮುಗಿಯುತ್ತಿದ್ದಂತೆ ಆನೆ ಬರುತ್ತದೆ. ಅಂಕಣ ಇನ್ನೂ ಸ್ವಲ್ಪ ದಿನ ನಡೆಯಲಿ.

● ಅಟ್ಟದ ಪೆಟ್ಟಿಗೆಯಲ್ಲಿ ಅಪ್ಪನ ಕ್ಯಾಸೆಟ್ಟುಗಳು ಸಿಕ್ಕವು. ‘ನಿತ್ಯೋತ್ಸವ’ ಇದೆ, ಕೈಬರಹದ ಲೇಬಲ್ ಇರುವ ಹತ್ತಾರು ಇವೆ. ಬಿಳಿ ಬೂಷ್ಟು ಹಿಡಿದಿದೆ. ಹಾಕಬಹುದೇ? ಇನ್ನೊಂದು ವಿಷಯ: ಒಂದನ್ನು ಹೇಗೋ ಹಾಕಿದೆ. ಭಾವಗೀತೆಗಳೆಲ್ಲ ಮುಗಿದ ಮೇಲೆ ಕೊನೆಗೆ ಯಾವುದೋ ವಾದ್ಯ. ನಾಗಸ್ವರವೂ ಅಲ್ಲ, ಕ್ಲಾರಿಯೊನೆಟ್ಟೂ ಅಲ್ಲ. ಅರ್ಧಕ್ಕೇ ಕತ್ತರಿಸಿಹೋಗಿದೆ. ಫೋನಿನಲ್ಲಿ ಹಿಡಿದು ಕಳಿಸಿದ್ದೇನೆ.
— ತೀರ್ಥಹಳ್ಳಿಯ ಓದುಗರು

ಬೂಷ್ಟಿನ ಮಾತು ಮೊದಲು. ಹಾಗೇ ಹಾಕಬೇಡಿ. ಆ ಪುಡಿ ಟೇಪ್ ರೆಕಾರ್ಡರಿನ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಈಗಾಗಲೇ ಹಾಕಿದ್ದೀರಿ, ಆದ್ದರಿಂದ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಹೆಡ್ಡನ್ನೂ ರಬ್ಬರ್ ರೋಲರನ್ನೂ ಒರೆಸಿಬಿಡಿ. ಕ್ಯಾಸೆಟ್ಟುಗಳನ್ನು ಒಣ ಜಾಗದಲ್ಲಿ ನಾಲ್ಕಾರು ದಿನ ಇಡಿ, ಬಿಸಿಲಿಗಲ್ಲ; ಬಿಸಿಲಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಜಗಲಿಯಲ್ಲಿ ಕೂತು, ಪೆನ್ಸಿಲ್ ತೂರಿಸಿ ನಿಧಾನ ಸುತ್ತುತ್ತ, ಮೆತ್ತನೆಯ ಒಣ ಬಟ್ಟೆಯ ನಡುವೆ ಟೇಪು ಹಾಯಿಸಿ. ಮೂಲೆಗಳಲ್ಲೂ ನಡುವೆಯೂ ಐದು ಸ್ಕ್ರೂ ಇದ್ದರೆ ನಿಮ್ಮ ಅದೃಷ್ಟ, ಬಿಚ್ಚಿ ಬೇರೆ ಚಿಪ್ಪಿಗೆ ವರ್ಗಾಯಿಸಬಹುದು. ದನಿ ಮುಗ್ಗಲಾಗಿ, ಬಾವಿಯೊಳಗಿಂದ ಬಂದಂತಿದ್ದರೆ, ಟೇಪಿನ ಹಿಂದೆ ಪುಟ್ಟ ಲೋಹದ ಪಟ್ಟಿಗೆ ಅಂಟಿರುವ ಫೆಲ್ಟಿನ ತುಣುಕು ಬಿದ್ದುಹೋಗಿರುತ್ತದೆ, ನೋಡಿ. ಮಲೆನಾಡಿನಲ್ಲಿ ಅದರ ಅಂಟು ಬಿಡುವುದು ಮಾಮೂಲು. ಮತ್ತೆ, ಮೊದಲ ಸಲ ಹಾಕುವಾಗಲೇ ಕಂಪ್ಯೂಟರಿಗೆ ತಂತಿ ಜೋಡಿಸಿ ರೆಕಾರ್ಡ್ ಮಾಡಿಕೊಳ್ಳಿ. ಹಳೇ ಟೇಪಿಗೆ ಎರಡನೇ ಸಲ ಎಂಬುದು ಇರುತ್ತದೆಂದು ಹೇಳಲಾಗದು. ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವಿತೆಗಳಿಗೆ ರಾಗ ಹಾಕಿದ ‘ನಿತ್ಯೋತ್ಸವ’ 1978ರದ್ದು. ಹೊರಗೆ ಸುಲಭವಾಗಿ ಸಿಗುತ್ತದೆ, ಅದರ ಚಿಂತೆ ಬೇಡ. ಕೈಬರಹದವನ್ನು ಮೊದಲು ಉಳಿಸಿಕೊಳ್ಳಿ.

ಇನ್ನು ಆ ವಾದ್ಯ. ನೀವು ಕಳಿಸಿದ್ದು ನಲವತ್ತು ಸೆಕೆಂಡು. ನನಗೆ ನಾಲ್ಕು ಸಾಕಾಯಿತು: ಸ್ಯಾಕ್ಸೊಫೋನ್, ಕದ್ರಿ ಗೋಪಾಲನಾಥ್. ಲೇಬಲ್ಲಿನ ಫೋಟೋವನ್ನು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದೆ. ನನ್ನ ಅಕ್ಷರವಲ್ಲ. ಅಂದರೆ ಖಾಲಿ ಜಾಗಕ್ಕೆ ತನ್ನಿಷ್ಟದ್ದು ತುಂಬುವ ಚಾಳಿ ನನ್ನೊಬ್ಬನದ್ದೇ ಆಗಿರಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚಾಯಿತು.

ನಿಮ್ಮ ಕಿವಿಗೆ ಅದು ‘ನಾಗಸ್ವರವೂ ಅಲ್ಲ’ ಎಂದು ಕೇಳಿಸಿದ್ದು ಸರಿಯಾಗಿಯೇ ಇದೆ. 1949ರಲ್ಲಿ ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಗೋಪಾಲನಾಥರ ತಂದೆ ನಾಗಸ್ವರ ವಿದ್ವಾಂಸರು. ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದಕ್ಕೇ ಅಂಟಿಕೊಂಡರು. ಕಷ್ಟ ಎಲ್ಲಿ ಗೊತ್ತೇ? ಕೊಳಲಿನಲ್ಲಿ, ನಾಗಸ್ವರದಲ್ಲಿ ಬೆರಳು ನೇರ ರಂಧ್ರದ ಮೇಲಿರುತ್ತದೆ. ಅರ್ಧ ಮುಚ್ಚಿ, ಕಾಲು ತೆರೆದು, ಸ್ವರದಿಂದ ಸ್ವರಕ್ಕೆ ಜಾರಬಹುದು. ಸ್ಯಾಕ್ಸೊಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿ, ಸರಳು, ಮುಚ್ಚಳ. ತೆರೆದರೆ ಪೂರ್ತಿ ತೆರೆಯಿತು, ಮುಚ್ಚಿದರೆ ಪೂರ್ತಿ ಮುಚ್ಚಿತು. ಸ್ವರವನ್ನು ತೂಗಿ ಜಾರಿಸುವ ಗಮಕವೇ ಜೀವಾಳವಾದ ಸಂಗೀತಕ್ಕೆ ಇದು ಮೆಟ್ಟಿಲ ಮೇಲೆ ಜಾರುಬಂಡೆ ಆಡು ಎಂದಂತೆ. ಅವರು ವಾದ್ಯದಲ್ಲೇ ಒಂದಿಷ್ಟು ಮಾರ್ಪಾಡು ಮಾಡಿಕೊಂಡು, ಉಳಿದದ್ದನ್ನು ತುಟಿಯಿಂದಲೂ ಉಸಿರಿನಿಂದಲೂ ಸಾಧಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದ ವೇದಿಕೆಯಲ್ಲಿ ನುಡಿಸಿದರು. 2019ರಲ್ಲಿ ತೀರಿಕೊಂಡರು. (ಬೆಂಗಳೂರಿನ ಓದುಗರೇ, ಮತ್ತೆ ಒಬ್ಬರಾಯಿತು. ಕ್ಷಮಿಸಿ.)

ನಿಮಗೆ ಮುಂದಿನ ಮೆಟ್ಟಿಲು ‘ಕಿನ್ಸ್‌ಮೆನ್’ ಎಂಬ 2008ರ ಆಲ್ಬಮ್. ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಮತ್ತು ಗೋಪಾಲನಾಥರು ಜೊತೆಗೂಡಿ ಮಾಡಿದ್ದು. ರುದ್ರೇಶ್ ಹುಟ್ಟಿದ್ದು ಇಟಲಿಯಲ್ಲಿ, ಬೆಳೆದದ್ದು ಕೊಲರಾಡೊದಲ್ಲಿ. ಜಾಝ್ ಕಲಿಯುತ್ತಿದ್ದ ಕಾಲದಲ್ಲಿ ಅಣ್ಣ ಒಂದು ಆಲ್ಬಮ್ ಕೊಟ್ಟನಂತೆ, ತಮಾಷೆಗೆ: ಭಾರತೀಯ ಶೈಲಿಯ ಸ್ಯಾಕ್ಸೊಫೋನ್, ನುಡಿಸಿದವರು ಕದ್ರಿ ಗೋಪಾಲನಾಥ್. ನಗಲೆಂದು ಹಾಕಿದ ಹುಡುಗ ನಗಲಿಲ್ಲ. ವರ್ಷಗಳು ಕಳೆದು ಇಬ್ಬರೂ ಒಂದೇ ಸ್ಟುಡಿಯೊದಲ್ಲಿ ನಿಂತರು. ಪಿಟೀಲಿಗೆ ಎ. ಕನ್ಯಾಕುಮಾರಿ, ಮೃದಂಗಕ್ಕೆ ಪೂವಲೂರ್ ಶ್ರೀಜಿ, ಗಿಟಾರಿಗೆ ಕರಾಚಿಯಲ್ಲಿ ಹುಟ್ಟಿದ ರೆಝ್ ಅಬ್ಬಾಸಿ.

‘ಫ್ಯೂಷನ್’ ಅಂದರೆ ನನಗೆ ಸಾಮಾನ್ಯವಾಗಿ ಹೋಟೆಲಿನ ‘ಗೋಬಿ ಮಂಚೂರಿ ದೋಸೆ’ ನೆನಪಾಗುತ್ತದೆ. ಇದು ಹಾಗಲ್ಲ. ಇಬ್ಬರೂ ಇಲ್ಲಿ ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಟ್ಟು ಸುಮ್ಮನಾಗುವುದಿಲ್ಲ, ಜಗಳಕ್ಕೂ ನಿಲ್ಲುತ್ತಾರೆ. ಮೊದಲು ಕೇಳುವಾಗ ಯಾವುದು ಯಾರ ಸ್ಯಾಕ್ಸೊಫೋನ್ ಎಂದು ಬಿಡಿಸುವುದನ್ನೇ ಆಟ ಮಾಡಿಕೊಳ್ಳಿ. ಜಾರುವವರು ನಮ್ಮವರು, ಕಚ್ಚುವವರು ರುದ್ರೇಶ್.

● ನಾನು ಪಿಯುಸಿ ಓದುತ್ತಿದ್ದೇನೆ. ಅಪ್ಪ ದಿನಾ ಹಿಂದೂಸ್ತಾನಿ ಹಾಕುತ್ತಾರೆ. ಐದು ನಿಮಿಷಕ್ಕೆ ನಿದ್ದೆ. ನಾನು ಇರೋದು ಧಾರವಾಡದಲ್ಲಿ, ಯಾರ ಮುಂದೆಯೂ ಹೇಳೋ ಹಾಗಿಲ್ಲ!

ನನಗೆ ಹೇಳಿದ್ದೀರಿ, ನಾನು ನಾಲ್ಕು ಜನರಿಗೆ ಹೇಳಿದ್ದೇನೆ. ಇನ್ನೇನು ಉಳಿಯಿತು?

ಮಲ್ಲಿಕಾರ್ಜುನ ಮನ್ಸೂರರಿಂದ ಶುರು ಮಾಡಿ. ಅವರು ಕಾಯಿಸುವವರಲ್ಲ. ಜೈಪುರ–ಅತ್ರೌಲಿ ಎಂಬ ಗಾಯನ ಪರಂಪರೆಯವರ ಪದ್ಧತಿಯಂತೆ ಹೆಚ್ಚು ಪೀಠಿಕೆಯಿಲ್ಲದೆ ಬಂದಿಶ್ (ರಾಗದಲ್ಲಿ ಕಟ್ಟಿದ ಹಾಡು) ಹಿಡಿದು ತಬಲಾ ಜೊತೆ ಹೊರಟೇಬಿಡುತ್ತಾರೆ. 1930ರ ದಶಕದಲ್ಲಿ ಮೂರು ಚಿಲ್ಲರೆ ನಿಮಿಷದ 78ರ ಗ್ರಾಮಫೋನ್ ತಟ್ಟೆಗಳಿಗೆ ಹಾಡಿದ ಕಾಲದಿಂದಲೂ ಸುತ್ತು ಬಳಸು ಅವರಿಗೆ ಒಗ್ಗಿದ್ದಲ್ಲ. ಅಪ್ಪನ ಬಳಿ ಬಿಹಾಗಡವೋ ಬಹಾದುರಿ ತೋಡಿಯೋ ಇರುತ್ತದೆ. ರಾಗದ ಹೆಸರು ಮರೆತುಬಿಡಿ. ತಬಲಾದ ಹದಿನಾರು ಮಾತ್ರೆ ತೊಡೆ ತಟ್ಟಿ ಎಣಿಸಿ. ಪ್ರತಿ ಸುತ್ತಿನ ಮೊದಲ ಪೆಟ್ಟು ‘ಸಮ್’. ಮನ್ಸೂರರು ಎಲ್ಲಿಂದಲೋ ಹೊರಟು, ಮೂರು ತಿರುವು ತಿರುಗಿ, ಇನ್ನೇನು ಸಮ್ ತಪ್ಪಿತು ಅನ್ನುವಾಗ ಅದರ ಮೇಲೇ ಬಂದು ಇಳಿಯುತ್ತಾರೆ. ನೀವು ಎಣಿಕೆ ತಪ್ಪುತ್ತೀರಿ. ತಪ್ಪಲಿ. ಹತ್ತು ಸಲ ತಪ್ಪುವಷ್ಟರಲ್ಲಿ ಹಾಡು ಮುಗಿದಿರುತ್ತದೆ, ನಿದ್ದೆ ಬಂದಿರುವುದಿಲ್ಲ. ಅವರು ಹಾಡಿದ ಅಕ್ಕಮಹಾದೇವಿಯ ವಚನಗಳನ್ನು ಆಮೇಲೆ ಕೇಳಿ. ಅಪ್ಪ ಪಕ್ಕದಲ್ಲಿದ್ದರೆ ಅವರ ಮುಖ ನೋಡಬೇಡಿ. ಆ ಹೊತ್ತಿನಲ್ಲಿ ದೊಡ್ಡವರಿಗೆ ಸ್ವಲ್ಪ ಮುಜುಗರವಾಗುತ್ತದೆ.

● ಇದು ಪ್ರಶ್ನೆಯಲ್ಲ, ನನ್ನ ಕಡೆಯಿಂದ ಒಂದು ಶಿಫಾರಸು. ಕಲಬುರಗಿಯಲ್ಲಿ ನರ್ಸ್ ಆಗಿದ್ದೇನೆ. ರಾತ್ರಿ ಪಾಳಿ ಮುಗಿಸಿ ಬಂದು ಪಾಕಿಸ್ತಾನದ ಗಾಯಕಿ ಆರೂಜ್ ಅಫ್ತಾಬರ ‘ವಲ್ಚರ್ ಪ್ರಿನ್ಸ್’ ಆಲ್ಬಮ್ ಕೇಳುತ್ತೇನೆ. ನೀವು ಕೇಳಿದ್ದೀರಾ?

ಕೇಳಿರಲಿಲ್ಲ. 2021ರದ್ದು, ನಾನು ಕೇಳಿದ್ದು ನಿಮ್ಮ ಪತ್ರ ಬಂದ ಮೇಲೆ, ಅದೂ ಹಗಲು ಹೊತ್ತಿನಲ್ಲಿ, ಮಿಕ್ಸಿ ಓಡುತ್ತಿರುವಾಗ. ಏನೂ ದಕ್ಕಲಿಲ್ಲ. ಆಮೇಲೆ ನೀವು ಹೇಳಿದ ಹೊತ್ತಿಗೆ, ಬೆಳಗಿನ ಜಾವ ಹಾಕಿದೆ. ‘ಮೊಹಬ್ಬತ್’ ಬಂದಾಗ ಎದ್ದು ಕೂತೆ. ಹಫೀಜ್ ಹೋಶಿಯಾರ್‌ಪುರಿಯವರ ಆ ಗಜಲನ್ನು ಮೆಹದಿ ಹಸನ್ ದನಿಯಲ್ಲಿ ಎಷ್ಟು ಜನರಿಗೆ ರೆಕಾರ್ಡ್ ಮಾಡಿಕೊಟ್ಟಿದ್ದೇನೋ ಲೆಕ್ಕವಿಲ್ಲ. ಹಾರ್ಮೋನಿಯಂ ಇಲ್ಲದೆ ಅದು ನಿಂತೀತೆಂದು ಯಾರಾದರೂ ಅಂದಿದ್ದರೆ ನಗುತ್ತಿದ್ದೆ. ನಿಲ್ಲುತ್ತದೆ. ದನಿ ಏರುವುದೇ ಇಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಎಂಬಂತೆ ಆರೂಜ್ ಹಾಡುತ್ತಾರೆ. ಈ ಆಲ್ಬಮ್ ಸಿದ್ಧವಾಗುತ್ತಿದ್ದಾಗ ಅವರ ತಮ್ಮ ತೀರಿಕೊಂಡದ್ದು, ಇದನ್ನು ಅವನಿಗೇ ಅರ್ಪಿಸಿದ್ದು ಆಮೇಲೆ ಓದಿ ತಿಳಿಯಿತು. ಈ ಹಾಡಿಗೆ 2022ರಲ್ಲಿ ಗ್ರ್ಯಾಮಿ ಬಂತು. ಪಾಕಿಸ್ತಾನದ ಕಲಾವಿದರೊಬ್ಬರಿಗೆ ಅದು ಮೊದಲ ಸಲ. ಉರ್ದು ನನಗೆ ಅರ್ಧಂಬರ್ಧ. ನಿಮ್ಮೂರಿನಲ್ಲಿ ಅದು ಬೀದಿಯ ಮಾತು. ಆ ಗಜಲಿನ ‘ಕಮ್ ನ ಹೋಂಗೆ’ (ಕಡಿಮೆಯಾಗರು) ಎಂಬುದರ ನಿಜವಾದ ನೋವು ಏನೆಂದು ಇನ್ನೊಂದು ಪತ್ರ ಬರೆಯಿರಿ.

● ಸಂಗೀತ ಕೇಳಲು ಒಳ್ಳೆಯ ಇಯರ್‌ಫೋನ್ ಯಾವುದು?
— ಹಾಸನದ ಓದುಗರು

ತಪ್ಪು ಮನುಷ್ಯನನ್ನು ಕೇಳಿದ್ದೀರಿ. ನನಗೀಗ 66. ತಂಬೂರಿಯ ಮೇಲಿನ ಝೇಂಕಾರ ಮೊದಲಿನಷ್ಟು ಕೇಳಿಸುವುದಿಲ್ಲ. ವಯಸ್ಸಿನ ಜೊತೆ ಕಿವಿಯಿಂದ ಮೊದಲು ಜಾರುವುದು ಎತ್ತರದ ಸ್ವರಗಳೇ. ಇದನ್ನು ಬರೆಯುತ್ತಿರುವಾಗಲೇ ಒಳಗಿನಿಂದ ಕೂಗು ಬಂತು: ‘ಕುಕ್ಕರ್ ಮೂರು ಸಲ ಕೂಗಿತು, ಆರಿಸಬಾರದಾ?’ ನಾನು ಕೇಳಿದ್ದು ಒಂದೇ.