ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲವೇ?

ನಿವೃತ್ತ ಅಧ್ಯಾಪಕರೊಬ್ಬರು ಬರೆದಿದ್ದಾರೆ: ‘ಬಡ ದೇಶಗಳಲ್ಲಿ ಚಿಕಿತ್ಸೆಯನ್ನು ಪೂರ್ತಿ ಉಚಿತ ಮಾಡಬೇಕೆಂಬ ನಿಮ್ಮ ಲೇಖನ ಓದಿದೆ. ಪುಕ್ಕಟೆ ಸಿಕ್ಕಿದ್ದಕ್ಕೆ ಜನ ಬೆಲೆ ಕೊಡುವುದಿಲ್ಲ. ಅಲ್ಪ ಶುಲ್ಕವನ್ನಾದರೂ ಇಟ್ಟರೆ ಜವಾಬ್ದಾರಿ ಬರುತ್ತದೆ, ಆಸ್ಪತ್ರೆಗೂ ನಾಲ್ಕು ಕಾಸು ಸೇರುತ್ತದೆ. ಶುಲ್ಕವಿಲ್ಲದ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವನು ನಾನು. ನನ್ನ ಶಿಷ್ಯೆಯೊಬ್ಬಳು ಈಗ ನರ್ಸ್. ಅನುಭವದಿಂದಲೇ ಬರೆಯುತ್ತಿದ್ದೇನೆ.’

ಮೇಷ್ಟರೇ, ನಿಮ್ಮ ಅಕ್ಷರ ಮುತ್ತು ಪೋಣಿಸಿದಂತಿದೆ. ಹೇಳಬೇಕಾದ್ದನ್ನು ಸುತ್ತಿ ಬಳಸದೆ ಹೇಳಿದ್ದೀರಿ. ನಿಮ್ಮ ಮಾತಿನಲ್ಲಿ ಹುರುಳೇ ಇಲ್ಲವೆಂದು ನಾನು ಹೇಳುವುದಿಲ್ಲ. ಉಗಾಂಡ 2001ರಲ್ಲಿ ಸರ್ಕಾರಿ ಆರೋಗ್ಯ ಕೇಂದ್ರಗಳ ಶುಲ್ಕವನ್ನು ತೆಗೆದುಹಾಕಿದಾಗ ಜನ ಮುಗಿಬಿದ್ದರು, ಎಷ್ಟೋ ಕಡೆ ಔಷಧ ಸಾಲದೆ ಹೋಯಿತು. ಶುಲ್ಕ ಕೈಬಿಟ್ಟ ಸರ್ಕಾರ ಆ ಹಣವನ್ನು ತಾನು ತುಂಬಿಕೊಡಬೇಕು, ಒಪ್ಪಿದೆ. ಆದರೆ ಹಾಗೆ ಮುಗಿಬಿದ್ದವರು ಯಾರು? ಅದುವರೆಗೆ ಕಾಯಿಲೆಯನ್ನು ನುಂಗಿಕೊಂಡು ಮನೆಯಲ್ಲೇ ಬಿದ್ದಿದ್ದ ಕಡುಬಡವರು.

‘ಪುಕ್ಕಟೆಗೆ ಬೆಲೆಯಿಲ್ಲ’ ಎಂಬುದು ಗಾದೆಯಂತೆ ಕೇಳಿಸುತ್ತದೆ, ಅದಕ್ಕೇ ಯಾರೂ ಅದನ್ನು ಒರೆಗೆ ಹಚ್ಚುವುದಿಲ್ಲ. ಹಚ್ಚಿದವರೂ ಇದ್ದಾರೆ. ಪಶ್ಚಿಮ ಕೆನ್ಯಾದಲ್ಲಿ ಗರ್ಭಿಣಿಯರ ತಪಾಸಣೆ ನಡೆಯುವ ಕೇಂದ್ರಗಳಲ್ಲಿ ಮಲೇರಿಯ ತಡೆಯುವ ಸೊಳ್ಳೆಪರದೆ ಕೊಟ್ಟರು, ಕೆಲವು ಕಡೆ ಉಚಿತವಾಗಿ, ಕೆಲವು ಕಡೆ ದುಡ್ಡಿಗೆ. 2010ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ಬೆಲೆ ಸೊನ್ನೆಯಿಂದ ಕೇವಲ 0.60 ಡಾಲರಿಗೆ ಏರಿದಾಗ ಪರದೆ ಪಡೆದವರ ಪ್ರಮಾಣ 60 ಶೇಕಡಾಂಶದಷ್ಟು ಕುಸಿಯಿತು. ಆಮೇಲೆ ಮುನ್ಸೂಚನೆ ಕೊಡದೆ ಮನೆಗಳಿಗೆ ಹೋಗಿ ನೋಡಿದರು. ಉಚಿತವಾಗಿ ಪಡೆದವರ ಮನೆಯಲ್ಲೂ ಪರದೆ ಹಾಸಿಗೆಯ ಮೇಲೆ ತೂಗುತ್ತಿತ್ತು, ದುಡ್ಡು ಕೊಟ್ಟವರ ಮನೆಯಲ್ಲಿ ಎಷ್ಟೋ ಅಷ್ಟೇ. ಅದೇ ಕೆನ್ಯಾದ ಶಾಲೆಗಳಲ್ಲಿ ಜಂತುಹುಳುವಿನ ಮಾತ್ರೆಗೆ ಪುಟ್ಟದೊಂದು ಶುಲ್ಕ ಇಟ್ಟಾಗ, ಮಾತ್ರೆ ನುಂಗುವ ಮಕ್ಕಳು ನೂರಕ್ಕೆ ಸುಮಾರು 75ರಿಂದ 18ಕ್ಕೆ ಇಳಿದರು. ಜವಾಬ್ದಾರಿ ಬರಲಿಲ್ಲ ಮೇಷ್ಟರೇ, ಮಕ್ಕಳು ಬರಲಿಲ್ಲ.

ಬಹಳ ವರ್ಷಗಳ ಹಿಂದೆ ಒಂದು ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯ ಬಳಿ ಸರದಿಯಲ್ಲಿ ನಿಂತಿದ್ದೆ. ನನ್ನ ಮುಂದೆ ಮಗುವನ್ನು ಹೆಗಲಿಗೆ ಹಾಕಿಕೊಂಡ ಒಬ್ಬ ಹೆಂಗಸು. ಮಗು ಅಳುತ್ತಿರಲಿಲ್ಲ, ಅಳುವಷ್ಟು ತ್ರಾಣವೂ ಅದಕ್ಕಿರಲಿಲ್ಲ. ಮುಷ್ಟಿ ಬಿಚ್ಚಿ ನಾಣ್ಯ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು, ಮುಷ್ಟಿ ಮುಚ್ಚಿಕೊಂಡು ಸರದಿಯಿಂದ ಪಕ್ಕಕ್ಕೆ ಸರಿದಳು. ಯಾರೊಂದಿಗೂ ಜಗಳವಾಡಲಿಲ್ಲ. ನನಗೆ ವಿಷಯ ಹೊಳೆಯುವಷ್ಟರಲ್ಲಿ ಅವಳು ಬಾಗಿಲು ದಾಟಿಯಾಗಿತ್ತು. ಹಿಂದೆ ಓಡಿದೆ, ಸಿಗಲಿಲ್ಲ. ಆ ಕಿಟಕಿಯ ಲೆಕ್ಕದ ಪುಸ್ತಕದಲ್ಲಿ ಬಂದವರ ಹೆಸರಿರುತ್ತದೆ, ತಿರುಗಿ ಹೋದವರದು ಇರುವುದಿಲ್ಲ.

ಅವಳು ಪುಕ್ಕಟೆಯಾಗಿ ಬಂದಿದ್ದಳೆಂದು ಭಾವಿಸಿದಿರಾ? ಆ ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು, ಉಳಿದ ಮಕ್ಕಳನ್ನು ಯಾರ ಕೈಗೋ ಒಪ್ಪಿಸಿ ಬಂದಿದ್ದಳು. ಬಡವರು ಕಿಟಕಿಗೆ ಬರುವ ಮುಂಚೆಯೇ ಶುಲ್ಕ ಕಟ್ಟಿಬಿಟ್ಟಿರುತ್ತಾರೆ. ಇಥಿಯೋಪಿಯ 2003ರಿಂದಾಚೆಗೆ ಮೂವತ್ತು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಆರೋಗ್ಯ ಸೇವೆಯ ಒಂದು ವರ್ಷದ ತರಬೇತಿ ಕೊಟ್ಟು, ಸಂಬಳ ಕೊಟ್ಟು, ಹಳ್ಳಿಹಳ್ಳಿಗೆ ಕಳುಹಿಸಿತಲ್ಲ, ಆ ದೇಶಕ್ಕೆ ಈ ಲೆಕ್ಕ ಅರ್ಥವಾಗಿತ್ತು. ಲಸಿಕೆ, ಬಾಣಂತಿಯ ಆರೈಕೆ, ಜ್ವರದ ಔಷಧ ಮನೆಯ ಸಮೀಪಕ್ಕೇ ಬಂದರೆ ಬಸ್ಸಿನ ದುಡ್ಡೂ ಉಳಿಯುತ್ತದೆ, ಕೂಲಿಯೂ ಉಳಿಯುತ್ತದೆ.

1978ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಆಲ್ಮಾ-ಅಟಾ ನಗರದಲ್ಲಿ ಜಗತ್ತಿನ ನೂರಕ್ಕೂ ಹೆಚ್ಚು ದೇಶಗಳ ಸರ್ಕಾರಗಳು ಸೇರಿ, 2000ದ ಹೊತ್ತಿಗೆ ಎಲ್ಲರಿಗೂ ಆರೋಗ್ಯ ಎಂದು ಮಾತು ಕೊಟ್ಟವು. ಒಂಬತ್ತೇ ವರ್ಷಕ್ಕೆ, 1987ರಲ್ಲಿ, ಮಾಲಿ ದೇಶದ ರಾಜಧಾನಿ ಬಮಾಕೊದಲ್ಲಿ ಆಫ್ರಿಕದ ಆರೋಗ್ಯ ಮಂತ್ರಿಗಳ ಮುಂದೆ ಬಂದ ಯೋಜನೆ ಏನು? ಔಷಧವನ್ನು ರೋಗಿಗಳಿಗೆ ಮಾರಿ, ಆ ಹಣದಿಂದ ಕೇಂದ್ರ ನಡೆಸಿ ಎಂದು. ಸಾಲದ ಹೊರೆಯಲ್ಲಿ ಬೊಕ್ಕಸ ಬರಿದಾಗಿತ್ತು, ನಿಜ. ಆದರೆ ಬರಿದಾದ ಬೊಕ್ಕಸವನ್ನು ತುಂಬಲು ಕಂಡದ್ದು ಜ್ವರ ಬಂದವನ ಜೇಬೇ?

ನನ್ನನ್ನು ಇನ್ನೂ ಹೆಚ್ಚು ನೋಯಿಸುವುದು ಈ ವಿಷಯವನ್ನು ಚರ್ಚಿಸುವವರ ಭಾಷೆ. ಬಡವರಿಗೆ ಲಸಿಕೆ ಸಿಕ್ಕರೆ ಅವರು ‘ಫಲಾನುಭವಿಗಳು’. ಉಳ್ಳವರ ಶಸ್ತ್ರಚಿಕಿತ್ಸೆಯ ಬಿಲ್ಲನ್ನು ಕಚೇರಿಯೋ ವಿಮೆಯೋ ಕಟ್ಟಿದರೆ ಅದು ‘ಸೌಲಭ್ಯ’. ಅವರಿಗೆ ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇದೆಯೋ ಇಲ್ಲವೋ ಎಂದು ಯಾವ ಸಭೆಯಲ್ಲೂ ಪ್ರಶ್ನೆ ಏಳುವುದಿಲ್ಲ. ಆ ಸಭೆಗಳಿಗೆ ಹೋಗಿ ಕುಳಿತು ಸಾಕಾಗಿದೆ ನನಗೆ.

ನಿಮ್ಮ ಅನುಭವದ ಮಾತಿಗೆ ಬರುತ್ತೇನೆ. ಮೂವತ್ತು ವರ್ಷ ನೀವು ಕಲಿಸಿದ್ದಕ್ಕೆ ಆ ಮಕ್ಕಳು ಬಿಡಿಗಾಸೂ ಕೊಡಲಿಲ್ಲ. ಆ ಪಾಠಕ್ಕೆ ಬೆಲೆ ಕೊಟ್ಟಳೋ ಇಲ್ಲವೋ ಎಂದು ನರ್ಸ್ ಆಗಿರುವ ನಿಮ್ಮ ಶಿಷ್ಯೆಯನ್ನು ಒಮ್ಮೆ ಕೇಳಿ ನೋಡಿ. ಅವಳು ಹೇಳಿದ್ದನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇನೆ.