ಅರಿಶಿನದ ಮಾತ್ರೆ, ಒಂದು ಕೆಂಪು ಕಲೆ

ಚಿಂಚೋಳಿ ಕಡೆಯ ಅಕ್ಕನವರಿಗೆ ನಮಸ್ಕಾರ.

ನಿಮ್ಮ ತಮ್ಮ ತೊಗರಿ ಒಣಹಾಕಲು ಹೋಗಿ ಮಾಳಿಗೆ ಮೇಲಿಂದ ಬಿದ್ದು ಎಂಟು ತಿಂಗಳಾಯಿತು, ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಇಲ್ಲ ಎಂದು ಬರೆದಿದ್ದೀರಿ. ಯಾರೋ ತಿಂಗಳಿಗೆ 4,000 ರೂಪಾಯಿಯ ಅರಿಶಿನ ಸತ್ವದ ಮಾತ್ರೆ ಕೊಳ್ಳಿ ಅಂದಿದ್ದಾರೆ. ಅದನ್ನು ಕೊಟ್ಟ ಇಲಿಗಳು ಎದ್ದು ಓಡಾಡಿದವಂತೆ, ನಿಜವಾ ಎಂದು ನಿಮ್ಮ ಪ್ರಶ್ನೆ.

ಪೂರ್ತಿ ಸುಳ್ಳಲ್ಲ, ಅಕ್ಕಾ. ಅರಿಶಿನದ ಕರ್ಕ್ಯುಮಿನ್, ಉಳ್ಳಾಗಡ್ಡಿಯ ಕ್ವೆರ್ಸೆಟಿನ್, ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್ ಎಂಬ ಸತ್ವಗಳನ್ನು ಕೊಟ್ಟಾಗ, ಬೆನ್ನುಹುರಿಗೆ ಪೆಟ್ಟಾದ ಇಲಿಗಳ ಕಾಲು ಎಷ್ಟೋ ಪ್ರಯೋಗಗಳಲ್ಲಿ ಸುಧಾರಿಸಿವೆ. ಬಿದ್ದ ಏಟಿಗೆ ಒಂದಷ್ಟು ನರಕೋಶ ಸಾಯುತ್ತವೆ. ಆಮೇಲೆ ಬಾವು ಬಂದು, ರಕ್ತದ ಓಡಾಟ ಕೆಟ್ಟು, ವಾರಗಟ್ಟಲೆ ಇನ್ನಷ್ಟು ಸಾಯುತ್ತಾ ಹೋಗುತ್ತವೆ. ಈ ಎರಡನೇ ಹಾನಿಯನ್ನು ಆ ಸತ್ವಗಳು ತಗ್ಗಿಸುತ್ತವೆ. ಅದಕ್ಕೇ ಇಲಿಗೆ ಸಾಮಾನ್ಯವಾಗಿ ಪೆಟ್ಟಾದ ಕೂಡಲೇ ಔಷಧ ಶುರು ಮಾಡುತ್ತಾರೆ. ನಿಮ್ಮ ತಮ್ಮನಿಗೆ ಆ ಹೊತ್ತು ದಾಟಿದೆ. ಬಣವೆ ಸುಟ್ಟ ಮೇಲೆ ಕೊಡ ಹೊತ್ತು ಓಡಿದ ಹಾಗೆ.

ಇನ್ನು ಅಳತೆ. ಇಲಿಗೆ ಕೆ.ಜಿ. ತೂಕಕ್ಕೆ 100 ಮಿಲಿಗ್ರಾಂ ಕರ್ಕ್ಯುಮಿನ್ ಕೊಟ್ಟ ಪ್ರಯೋಗಗಳಿವೆ. ಮನುಷ್ಯನಿಗೆ ಲೆಕ್ಕ ಹಾಕುವಾಗ ಅದನ್ನು ಸುಮಾರು ಆರರಿಂದ ಭಾಗಿಸುತ್ತಾರೆ. ಆಗಲೂ 60 ಕೆ.ಜಿ. ಆಳಿಗೆ ದಿನಕ್ಕೆ 1 ಗ್ರಾಂ ಬೇಕು. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರಷ್ಟು, ಅಂದರೆ ದಿನಕ್ಕೆ 30 ಗ್ರಾಂಗಿಂತ ಜಾಸ್ತಿ ಪುಡಿ! ತಿಂದರೂ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಕರಿಮೆಣಸಿನ ಪೈಪರಿನ್ ಎಂಬ ಸತ್ವದ ಜೊತೆ ಕೊಟ್ಟರೆ 20 ಪಟ್ಟು ಹೆಚ್ಚು ಸೇರುತ್ತದೆ ಎಂದು 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನವರೇ ತೋರಿಸಿದರು. ಆದರೆ ಪೈಪರಿನ್ ಬೇರೆ ಮಾತ್ರೆಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲದು. ತಮ್ಮನಿಗೆ ರಕ್ತ ತೆಳುವಾಗಿಸುವ ಮಾತ್ರೆ ಇದೆ ಅಂದಿರಲ್ಲ, ಅದರ ಜೊತೆ ರಕ್ತಸ್ರಾವದ ಭಯ. ಹಾಲಿಗೆ ಹಾಕುವ ಚಿಟಿಕೆ ಅರಿಶಿನದ ಮಾತು ಬೇರೆ, ಅದನ್ನು ನಿಲ್ಲಿಸಬೇಕಿಲ್ಲ. ಮಾತ್ರೆ ಮಾತ್ರ ಬೇಡ.

ನಿಜ ಹೇಳಲಾ? ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಕೊನೆಯ ಸಾಲು. ಬಾಲದೆಲುಬಿನ ಹತ್ತಿರ ಕೆಂಪು ಕಲೆ, ಒತ್ತಿದರೂ ಬಣ್ಣ ಹೋಗುತ್ತಿಲ್ಲ ಎಂದು ಸುಮ್ನೆ ಬರೆದುಬಿಟ್ಟಿದ್ದೀರಿ. ಅದು ಹಾಸಿಗೆ ಹುಣ್ಣಿನ ಶುರು. ಅವನಿಗೆ ಅಲ್ಲಿ ನೋವು ಗೊತ್ತಾಗುವುದಿಲ್ಲ, ನೀವೇ ನೋಡಬೇಕು. ಇವತ್ತಿನಿಂದಲೇ ಆ ಜಾಗದ ಮೇಲೆ ಭಾರ ಬೀಳದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಉಜ್ಜಬೇಡಿ. ಈ ವಾರವೇ ಡಾಕ್ಟರಿಗೆ ತೋರಿಸಿ. ಆ 4,000 ರೂಪಾಯಿಯನ್ನು ಗಾಳಿ ಹಾಸಿಗೆಗೆ ಹಾಕಿ.

ಸಂಪಾದಕ, ಕಲಬುರಗಿ