ಓದು ಮುಗಿಯುವ ಮೊದಲೇ ಬೆಳೆಯುವ ಬಡ್ಡಿ: ಶಿಕ್ಷಣ ಸಾಲದ ಬಗ್ಗೆ ಓದುಗರ ಪ್ರಶ್ನೆ, ತಜ್ಞರ ಉತ್ತರ

ಸಿಇಟಿ ಸೀಟು ಹಂಚಿಕೆಯ ಹೊತ್ತಿಗೆ ಕರಾವಳಿಯಲ್ಲಿ ದೋಣಿಗಳು ದಡ ಸೇರಿರುತ್ತವೆ, ಘಟ್ಟದ ಮೇಲೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವ ಖರ್ಚು ಎದುರಿಗಿರುತ್ತದೆ. ಕೈಯಲ್ಲಿ ದುಡ್ಡು ಕಮ್ಮಿ ಇರುವ ಅದೇ ಮಳೆಗಾಲದಲ್ಲಿ ಮಕ್ಕಳ ಫೀಸಿನ ಗಡುವೂ ಬರುತ್ತದೆ. ಉತ್ತರ ಕನ್ನಡದ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರವಿದೆ.

ಮಗನಿಗೆ ಸಿಇಟಿಯಲ್ಲಿ ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಹಾಸ್ಟೆಲ್ ಸೇರಿ ವರ್ಷಕ್ಕೆ ಸುಮಾರು 2 ಲಕ್ಷ ಬೇಕು. 50 ಸಾವಿರ ನಾವು ಹೊಂದಿಸುತ್ತೇವೆ, ನಾಲ್ಕು ವರ್ಷಕ್ಕೆ 6 ಲಕ್ಷ ಸಾಲ ಕೇಳಿದ್ದೇವೆ. ‘ಕೆಲಸ ಸಿಗುವವರೆಗೆ ಏನೂ ಕಟ್ಟುವುದು ಬೇಡ’ ಎನ್ನುತ್ತಾರೆ. ಹಾಗೇ ಬಿಡಬಹುದೇ? ಆದಾಯ ಪ್ರಮಾಣಪತ್ರದಲ್ಲಿ 3.8 ಲಕ್ಷ ಇದೆ.
— ಅಡಿಕೆ ಬೆಳೆಗಾರರು, ಶಿರಸಿ ತಾಲೂಕು

ಬಿಡಬಹುದು. ಬಿಟ್ಟರೆ ಎಷ್ಟಾಗುತ್ತದೆ ಎಂಬುದನ್ನು ಮಾತ್ರ ಈಗಲೇ ಕಾಗದದ ಮೇಲೆ ಬರೆದು ನೋಡಿ. ‘ಕಟ್ಟುವುದು ಬೇಡ’ ಅಂದರೆ ‘ಬಡ್ಡಿ ಇಲ್ಲ’ ಎಂದಲ್ಲ. ಕೋರ್ಸಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತಿಗೆ ಬಿಡುವು ಇರುತ್ತದೆ. ಬಡ್ಡಿ ಮಾತ್ರ ಸಾಲದ ಮೊದಲ ಹಣ ಕಾಲೇಜಿಗೆ ಹೋದ ದಿನದಿಂದಲೇ ಓಡುತ್ತದೆ. ಈ ಅವಧಿಯಲ್ಲಿ ಅದು ಸರಳ ಬಡ್ಡಿ. ಬಿಡುವು ಮುಗಿದ ದಿನ ಅಷ್ಟೂ ಬಡ್ಡಿ ಅಸಲಿಗೆ ಸೇರುತ್ತದೆ, ಅಲ್ಲಿಂದ ಮುಂದೆ ಬಡ್ಡಿಗೂ ಬಡ್ಡಿ.

ಲೆಕ್ಕಕ್ಕೆ ಶೇ 10 ಬಡ್ಡಿ ಇಟ್ಟುಕೊಳ್ಳೋಣ. ವರ್ಷಕ್ಕೆ 1.5 ಲಕ್ಷದಂತೆ ನಾಲ್ಕು ಸಲ ಹಣ ಬಿಡುಗಡೆಯಾಗುತ್ತದೆ. ಮೊದಲ ವರ್ಷದ 1.5 ಲಕ್ಷಕ್ಕೆ ಐದು ವರ್ಷದ ಬಡ್ಡಿ 75,000 ರೂಪಾಯಿ. ಎರಡನೆಯದಕ್ಕೆ ನಾಲ್ಕು ವರ್ಷದ್ದು 60,000, ಮೂರನೆಯದಕ್ಕೆ 45,000, ಕೊನೆಯದಕ್ಕೆ 30,000. ಒಟ್ಟು 2,10,000. ಅಂದರೆ ಮಗ ಮೊದಲ ಕಂತು ಕಟ್ಟುವ ದಿನ ಅವನ ಸಾಲ 6 ಲಕ್ಷವಲ್ಲ, 8.1 ಲಕ್ಷ. ಅದನ್ನು 15 ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 8,700 ರೂಪಾಯಿ, ಕಟ್ಟಿ ಮುಗಿಸುವಾಗ ಒಟ್ಟು 15.67 ಲಕ್ಷ. 10 ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 10,700, ಒಟ್ಟು 12.84 ಲಕ್ಷ. ತಿಂಗಳ ಕಂತಿನಲ್ಲಿ 2,000 ರೂಪಾಯಿ ಹಗುರಾಗಲಿ ಎಂದು ಆಸೆಪಟ್ಟದ್ದಕ್ಕೆ ತೆರುವ ಬೆಲೆ 2.8 ಲಕ್ಷ.

ನಿಮ್ಮ ಮನೆಗೆ ಇದರಿಂದ ಪಾರಾಗುವ ದಾರಿ ಇದೆ, ಅದನ್ನು ಬಿಡಬೇಡಿ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು, ತಾಂತ್ರಿಕ ಅಥವಾ ವೃತ್ತಿಪರ ಕೋರ್ಸಿಗೆ ಸೇರಿದ್ದರೆ ಬಿಡುವಿನ ಅವಧಿಯ ಪೂರ್ತಿ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆ ಇದೆ. ಬ್ಯಾಂಕಿನವರು ಇದನ್ನು ಸಿಎಸ್‌ಐಎಸ್ ಎನ್ನುತ್ತಾರೆ. ಗುಣಮಟ್ಟ ಪರಿಶೀಲಿಸುವ ಸಂಸ್ಥೆಗಳ ಮಾನ್ಯತೆ, ಅಂದರೆ ಕಾಲೇಜಿಗೆ ನ್ಯಾಕ್ ಮಾನ್ಯತೆ ಅಥವಾ ಆ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇರಬೇಕು. ಕಾಲೇಜಿನ ಜಾಹೀರಾತು ನಂಬಬೇಡಿ, ಮಾನ್ಯತೆ ಯಾವ ವರ್ಷದವರೆಗೆ ಇದೆ ಎಂದು ನ್ಯಾಕ್ ಮತ್ತು ಎನ್‌ಬಿಎ ಜಾಲತಾಣದಲ್ಲಿ ನೋಡಿ. ಈ ಸಹಾಯಧನ ಸಿಕ್ಕರೆ ಮೇಲಿನ 2.1 ಲಕ್ಷ ನಿಮ್ಮ ತಲೆಯ ಮೇಲೆ ಬರುವುದಿಲ್ಲ.

ಇಲ್ಲಿ ತಪ್ಪುವುದು ಎಲ್ಲಿ? ಮೊದಲನೆಯದಾಗಿ ಆದಾಯ ಪ್ರಮಾಣಪತ್ರ. ನಾಡಕಚೇರಿಯಿಂದ ಬಂದ, ತಹಶೀಲ್ದಾರರ ಸಹಿಯ ಪತ್ರವನ್ನು ಸಾಲ ಮಂಜೂರಾಗುವ ಮೊದಲೇ ಶಾಖೆಗೆ ಕೊಟ್ಟು ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಎರಡನೆಯದು ಇನ್ನೂ ಮುಖ್ಯ: ಸಹಾಯಧನಕ್ಕೆ ಕ್ಲೇಮು ಹಾಕುವುದು ನೀವಲ್ಲ, ಬ್ಯಾಂಕು. ಶಾಖೆಯಲ್ಲಿ ಯಾರೋ ಒಬ್ಬರು ನಿಮ್ಮ ಖಾತೆಯನ್ನು ಪಟ್ಟಿಗೆ ಸೇರಿಸಲು ಮರೆತರೆ ಐದು ವರ್ಷವೂ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಪ್ರತಿ ವರ್ಷ ಸಾಲದ ಖಾತೆಯ ಸ್ಟೇಟ್‌ಮೆಂಟ್ ತೆಗೆಸಿ, ಬಡ್ಡಿ ಸಹಾಯಧನ ಜಮೆಯಾದ ಸಾಲು ಇದೆಯೇ ಎಂದು ಬೆರಳಿಟ್ಟು ಹುಡುಕಿ. ಹಣ ತಡವಾಗಿ ಬರುವುದುಂಟು. ಎರಡು ವರ್ಷವಾದರೂ ಆ ಸಾಲು ಕಾಣದಿದ್ದರೆ ಲಿಖಿತವಾಗಿ ಕೇಳಿ. ಮಗ ನಡುವೆ ಓದು ಬಿಟ್ಟರೆ, ಆರೋಗ್ಯದ ಕಾರಣ ಹೊರತುಪಡಿಸಿ, ಸಹಾಯಧನ ಹೋಗುತ್ತದೆ. ಇದು ಒಮ್ಮೆ ಮಾತ್ರ ಸಿಗುವುದು: ಪದವಿಗೆ ಪಡೆದರೆ ಸ್ನಾತಕೋತ್ತರ ಪದವಿಗೆ ಇಲ್ಲ.

ಸಹಾಯಧನ ಸಿಗದ ಮನೆಗಳು ಓದುವ ವರ್ಷಗಳಲ್ಲೇ ಬಡ್ಡಿ ಕಟ್ಟುವುದು ಒಳ್ಳೆಯದು. ಮೇಲಿನ ಲೆಕ್ಕದಲ್ಲಿ ಮೊದಲ ವರ್ಷ 15,000, ಎರಡನೆಯ ವರ್ಷ 30,000, ಮೂರನೆಯ ವರ್ಷ 45,000, ನಾಲ್ಕು ಮತ್ತು ಐದನೆಯ ವರ್ಷ 60,000ದಂತೆ. ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿದ ದುಡ್ಡು ಬಂದಾಗ ವರ್ಷದ ಬಡ್ಡಿಯನ್ನು ಒಟ್ಟಿಗೆ ಕಟ್ಟಿದರೂ ನಡೆಯುತ್ತದೆ, ಏಕೆಂದರೆ ಆಗ ಅದು ಸರಳ ಬಡ್ಡಿ. ಹೀಗೆ ಮಾಡಿದರೆ 10 ವರ್ಷದ ಕಂತು ಸುಮಾರು 7,930ಕ್ಕೆ ಇಳಿಯುತ್ತದೆ. ನೀವು ಮೊದಲೇ ಕಟ್ಟಿದ 2.1 ಲಕ್ಷ ಸೇರಿಸಿದರೂ ಒಟ್ಟಾರೆ 1.2 ಲಕ್ಷ ಉಳಿಯುತ್ತದೆ. ಓದುವಾಗ ಬಡ್ಡಿ ಕಟ್ಟುವವರಿಗೆ ಬಡ್ಡಿದರದಲ್ಲಿ ಶೇ 1 ಕಡಿತ ಕೊಡುವ ಬ್ಯಾಂಕುಗಳೂ ಇವೆ. ಅದಕ್ಕೆ ಪ್ರತಿ ತಿಂಗಳೂ ಕಟ್ಟಬೇಕೋ, ವರ್ಷಕ್ಕೊಮ್ಮೆ ಸಾಕೋ ಎಂಬುದನ್ನು ಮಂಜೂರಾತಿ ಪತ್ರದಲ್ಲೇ ಬರೆಸಿಕೊಳ್ಳಿ.

ಇನ್ನೊಂದು ಮಾತು, ಮುಂದಿನ ವರ್ಷ ಸಿಇಟಿ ಬರೆಯುವ ಮಕ್ಕಳಿರುವ ಮನೆಗಳಿಗೆ: ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ, ಕಡಿಮೆ ಆದಾಯದವರಿಗೆಂದೇ ಹೆಚ್ಚುವರಿಯಾಗಿ ಇಡುವ ಎಸ್‌ಎನ್‌ಕ್ಯೂ ಸೀಟುಗಳಿಗೆ ಅರ್ಹತೆ ಇದೆ. ಅಲ್ಲಿ ಬೋಧನಾ ಶುಲ್ಕವೇ ಮಾಫಿ. ಸಾಲ ಹುಡುಕುವ ಮೊದಲು ಅದನ್ನು ಹುಡುಕಿ. ಸಿಇಟಿ ಅರ್ಜಿಯಲ್ಲೇ ಅದನ್ನು ಕೋರಬೇಕು, ಆಮೇಲೆ ನೆನಪಾದರೆ ಪ್ರಯೋಜನವಿಲ್ಲ.

ನಮ್ಮವರು ಬೈತಖೋಲ ಬಂದರಿನಲ್ಲಿ ದೋಣಿಯ ಮೇಲೆ ದುಡಿಯುತ್ತಾರೆ. ಮಗಳಿಗೆ ಮಾಜಾಳಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು. ಸಂಬಳದ ಚೀಟಿ ಇಲ್ಲ, ಹಳೆಯ ಎಂಜಿನ್ ಸಾಲ ಬಾಕಿ ಇದೆ ಎಂದು ಒಂದು ಬ್ಯಾಂಕು ವಾಪಸು ಕಳಿಸಿತು. ‘ಇದು ನಮ್ಮ ಶಾಖೆಯ ವ್ಯಾಪ್ತಿ ಅಲ್ಲ’ ಎಂದು ಇನ್ನೊಂದು ಹೇಳಿತು.
— ಗೃಹಿಣಿ, ಕಾರವಾರ

ವ್ಯಾಪ್ತಿಯ ನೆಪಕ್ಕೆ ಆಧಾರವಿಲ್ಲ. ವಾಸಸ್ಥಳ ಶಾಖೆಯ ಸೇವಾ ವ್ಯಾಪ್ತಿಯ ಹೊರಗಿದೆ ಎಂಬ ಕಾರಣಕ್ಕೆ ಶಿಕ್ಷಣ ಸಾಲದ ಅರ್ಜಿ ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕು 2012ರಲ್ಲೇ ಹೇಳಿದೆ. ಬಾಯಿಮಾತಿನಲ್ಲಿ ಕೇಳುವುದನ್ನು ನಿಲ್ಲಿಸಿ, ಶಿಕ್ಷಣ ಸಾಲದ ಅರ್ಜಿಗೆಂದೇ ಇರುವ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಆಗ ದಾಖಲೆ ಉಳಿಯುತ್ತದೆ. ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಬ್ಯಾಂಕಿಗೆ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿಯೆನಿಸದಿದ್ದರೂ, ಗ್ರಾಹಕರ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು.

ಸಂಬಳದ ಚೀಟಿ ಇಲ್ಲದಿರುವುದು ದೊಡ್ಡ ಅಡ್ಡಿಯಲ್ಲ. ನಾಡಕಚೇರಿಯ ಆದಾಯ ಪ್ರಮಾಣಪತ್ರ, ಒಂದು ವರ್ಷದ ಪಾಸ್‌ಬುಕ್ ನಮೂದು, ಮೀನು ಮಾರಾಟದ ಚೀಟಿಗಳು ಇದ್ದರೆ ಜೋಡಿಸಿ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಕೇಳುವಂತಿಲ್ಲ, ಸಾಲದ ಪತ್ರಕ್ಕೆ ಪಾಲಕರು ಜೊತೆಯಾಗಿ ಸಹಿ ಹಾಕಿದರೆ ಸಾಕು.

ಎಂಜಿನ್ ಸಾಲದ ಬಾಕಿ ಮಾತ್ರ ನಿಜವಾದ ತೊಡಕು. ಮೊದಲು ಯಜಮಾನರ ಕ್ರೆಡಿಟ್ ವರದಿ (ಸಾಲ ಕಟ್ಟಿದ, ಬಾಕಿ ಉಳಿಸಿದ ದಾಖಲೆ) ತೆಗೆಸಿ. ಪ್ರತಿಯೊಂದು ಕ್ರೆಡಿಟ್ ಮಾಹಿತಿ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಸಾಲ ತೀರಿಸಿದ್ದರೂ ಬಾಕಿ ಎಂದೇ ತೋರಿಸುತ್ತಿದ್ದರೆ ಬೇಬಾಕಿ ಪತ್ರ ಹಚ್ಚಿ ತಿದ್ದಲು ಅರ್ಜಿ ಹಾಕಿ. 30 ದಿನದಲ್ಲಿ ತಿದ್ದಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮವಿದೆ. ಬಾಕಿ ನಿಜವೇ ಆಗಿದ್ದರೆ, ಜಂಟಿ ಸಾಲಗಾರರಾಗಿ ತಂದೆಯ ಬದಲು ನಿಮ್ಮ ಹೆಸರು ಹಾಕಲು ಕೇಳಿ. ಸ್ವಸಹಾಯ ಸಂಘದಲ್ಲಿ ನೀವು ಸರಿಯಾಗಿ ಕಂತು ಕಟ್ಟಿದ ದಾಖಲೆ ಇದ್ದರೆ ಅದನ್ನೂ ತೋರಿಸಿ.

ಆದರೆ ಸರ್ಕಾರಿ ಕಾಲೇಜು, ಮನೆಯಿಂದ ಓಡಾಡುವ ದೂರ, ಹೆಣ್ಣುಮಗಳು: ಈ ಮೂರೂ ಇರುವಲ್ಲಿ ದೊಡ್ಡ ಸಾಲವೇ ಬೇಡವಾಗಬಹುದು. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ. ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಸಿಗುತ್ತದೆ. ಆಯ್ಕೆ ಅಂಕದ ಮೇಲೆ. ಮೊದಲ ವರ್ಷದಲ್ಲೇ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ರಾಜ್ಯದ ವಿದ್ಯಾರ್ಥಿವೇತನ ತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನ ಶುಲ್ಕ ವಿನಾಯಿತಿಯೂ ಇದೆ, ಆದರೆ ಎರಡೂ ಕಡೆ ಪಡೆಯುವಂತಿಲ್ಲ. ಯಾವುದು ಹೆಚ್ಚು ಎಂದು ಕಾಲೇಜು ಕಚೇರಿಯಲ್ಲಿ ಕೂತು ಲೆಕ್ಕ ಹಾಕಿಯೇ ಅರ್ಜಿ ಒತ್ತಿ. ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮಗಳ ‘ಅರಿವು’ ಸಾಲಕ್ಕೆ ಬಡ್ಡಿ ವರ್ಷಕ್ಕೆ ಶೇ 2 ಮಾತ್ರ. ಸಿಇಟಿ ಮೂಲಕ ಸೀಟು ಸಿಕ್ಕವರಿಗೆ ದೇವರಾಜ ಅರಸು ನಿಗಮ ವರ್ಷಕ್ಕೆ 1 ಲಕ್ಷದವರೆಗೆ ಕೊಡುತ್ತದೆ. ಜಾತಿ ಪ್ರಮಾಣಪತ್ರ ಹಿಡಿದು ಕಾರವಾರದ ಜಿಲ್ಲಾ ಕಚೇರಿಯಲ್ಲಿ ನಿಮಗೆ ಯಾವ ನಿಗಮ ಅನ್ವಯಿಸುತ್ತದೆ ಎಂದು ಕೇಳಿ.

ಸಾಲ ತೆಗೆದುಕೊಂಡರೆ ಒಂದು ಎಚ್ಚರಿಕೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಕಂತು ಮಾತ್ರ ನಿಲ್ಲುವುದಿಲ್ಲ. ಮುಂದೆ ಮನೆಯ ಹಣದಿಂದ ಕಂತು ಕಟ್ಟುವಂತಾದರೆ, ಮೇ ತಿಂಗಳಿಗೆ ಮುಂಚೆ ಎರಡು ಕಂತಿನ ಹಣವನ್ನು ಕಂತು ಕಡಿತವಾಗುವ ಖಾತೆಯಲ್ಲೇ ಇಡಿ. ಬೇರೆ ಖಾತೆಯಲ್ಲಿ ಎಷ್ಟಿದ್ದರೂ ಆ ಖಾತೆಯಲ್ಲಿ ಹತ್ತು ರೂಪಾಯಿ ಕಮ್ಮಿಯಾದರೂ ಕಂತು ಬೌನ್ಸ್ ಆಗುತ್ತದೆ, ದಂಡ ಬೀಳುತ್ತದೆ.

ಮಗಳ ಎಂಬಿಎಗೆ 12 ಲಕ್ಷ ಸಾಲ ಬೇಕು. ತೋಟ ಅಜ್ಜನ ಹೆಸರಿನಲ್ಲಿದೆ, ಹಿಸ್ಸೆ ಆಗಿಲ್ಲ. ಮನೆ ಇರುವುದು ಅತಿಕ್ರಮಣ ಜಾಗದಲ್ಲಿ. ಯಾವುದನ್ನು ಅಡಮಾನ ಇಡಬಹುದು?
— ಓದುಗರು, ಸಿದ್ದಾಪುರ ತಾಲೂಕು

ನೇರವಾಗಿ ಹೇಳುವುದಾದರೆ ಎರಡೂ ಕಷ್ಟ. ಅತಿಕ್ರಮಣ ಜಾಗಕ್ಕೆ ನಿಮ್ಮ ಹೆಸರಿನ ಹಕ್ಕುಪತ್ರವೇ ಇಲ್ಲ. ಅರಣ್ಯ ಹಕ್ಕು ಕಾಯ್ದೆಯಡಿ ಪಟ್ಟಾ ಸಿಕ್ಕಿದ್ದರೂ ಅದು ಮಕ್ಕಳಿಗೆ ಹೋಗುತ್ತದೆಯೇ ಹೊರತು ಪರಭಾರೆ ಮಾಡಲು (ಬೇರೆಯವರಿಗೆ ವರ್ಗಾಯಿಸಲು) ಬರುವುದಿಲ್ಲ. ಇನ್ನು ತೋಟ: ಸಾಲ ವಸೂಲಿಗೆ ಬ್ಯಾಂಕುಗಳು ಬಳಸುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಹೀಗಾಗಿ ಹಿಸ್ಸೆಯಾಗಿ ಪಹಣಿ ನಿಮ್ಮ ಹೆಸರಿಗೆ ಬಂದರೂ ಶಿಕ್ಷಣ ಸಾಲಕ್ಕೆ ತೋಟ ಹಿಡಿಯಲು ಬ್ಯಾಂಕುಗಳು ಹಿಂಜರಿಯುತ್ತವೆ. ಇದಕ್ಕಾಗಿಯೇ ಆತುರದಲ್ಲಿ ಹಿಸ್ಸೆಗೆ ಇಳಿದು ದಾಯಾದಿಗಳ ಜೊತೆ ಮನಸ್ತಾಪ ಮಾಡಿಕೊಳ್ಳಬೇಡಿ.

ಮೊದಲು ನೋಡಬೇಕಾದ್ದು ಕಾಲೇಜಿನ ಹೆಸರು. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಪಟ್ಟಿಯಲ್ಲಿ ಎನ್‌ಐಆರ್‌ಎಫ್ (ಕೇಂದ್ರ ಸರ್ಕಾರ ಕಾಲೇಜುಗಳಿಗೆ ಕೊಡುವ) ಶ್ರೇಯಾಂಕದ ಆಧಾರದಲ್ಲಿ ಆಯ್ದ ಸಂಸ್ಥೆಗಳಿವೆ, ಆರಂಭದಲ್ಲಿ ಅವು 860. ಅಲ್ಲಿ ಮೆರಿಟ್ ಮೇಲೆ ಸೀಟು ಸಿಕ್ಕಿದ್ದರೆ ಅಡಮಾನವೂ ಬೇಡ, ಜಾಮೀನುದಾರರೂ ಬೇಡ. ಆದಾಯ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯದಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಬಿಡುವಿನ ಅವಧಿಯಲ್ಲಿ ಶೇ 3 ಬಡ್ಡಿ ಸಹಾಯಧನಕ್ಕೂ ಅರ್ಜಿ ಹಾಕಬಹುದು. ಮ್ಯಾನೇಜ್‌ಮೆಂಟ್ ಕೋಟಾಗೆ ಇದು ಸಿಗದು.

ಪಟ್ಟಿಯಲ್ಲಿ ಇಲ್ಲದಿದ್ದರೆ ಸಾಲವನ್ನು 7.5 ಲಕ್ಷದೊಳಗೆ ತರಲು ನೋಡಿ. ಅಲ್ಲಿಯವರೆಗೆ ಬ್ಯಾಂಕು ಕೇಂದ್ರದ ಸಾಲ ಖಾತರಿ ನಿಧಿಯ ಅಡಿಯಲ್ಲಿ ಅಡಮಾನವಿಲ್ಲದೆ ಕೊಡಬಹುದು. ಉಳಿದದ್ದಕ್ಕೆ ಠೇವಣಿ ಅಥವಾ ಎಲ್‌ಐಸಿ ಪಾಲಿಸಿ ಇದ್ದರೆ ಅವನ್ನು ಭದ್ರತೆಯಾಗಿ ಇಡಬಹುದು. ಪತ್ತಿನ ಸಂಘದ ವೈಯಕ್ತಿಕ ಸಾಲ, ಬಂಗಾರದ ಸಾಲ ಬೇಗ ಸಿಗುತ್ತವೆ ನಿಜ. ಆದರೆ ಅವಕ್ಕೆ ಬಡ್ಡಿ ಸಹಾಯಧನ ಇಲ್ಲ, ಓದುವ ಅವಧಿಯ ಬಿಡುವೂ ಇಲ್ಲ. ಇಷ್ಟಾದರೂ 12 ಲಕ್ಷಕ್ಕೆ ದಾರಿ ಕಾಣದಿದ್ದರೆ ಕಾಲೇಜನ್ನೇ ಇನ್ನೊಮ್ಮೆ ಯೋಚಿಸಿ. ಕಳೆದ ವರ್ಷ ಅಲ್ಲಿ ಮುಗಿಸಿದವರಿಗೆ ನಿಜವಾಗಿ ಕೈಗೆ ಸಿಗುತ್ತಿರುವ ಸಂಬಳ ಎಷ್ಟು ಎಂದು ಇಬ್ಬರು ಮೂವರನ್ನಾದರೂ ಕೇಳಿ. ಶೇ 10 ಬಡ್ಡಿಯಲ್ಲಿ 10 ವರ್ಷಕ್ಕೆ ಪ್ರತಿ ಲಕ್ಷಕ್ಕೆ 1,320 ರೂಪಾಯಿ ಕಂತು. 12 ಲಕ್ಷಕ್ಕೆ, ಓದುವ ಅವಧಿಯ ಬಡ್ಡಿ ಬಿಟ್ಟೇ, ತಿಂಗಳಿಗೆ ಸುಮಾರು 15,850 ಆಗುತ್ತದೆ. ಬೆಂಗಳೂರಿನಲ್ಲಿ ಬಾಡಿಗೆ, ಊಟ ಕಳೆದು ಇಷ್ಟು ಉಳಿಸುವ ಸಂಬಳ ಮೊದಲ ಕೆಲಸದಲ್ಲೇ ಬರಬೇಕು.

ಬಿಇ ಮುಗಿದು ಒಂದು ವರ್ಷವಾಯಿತು, ಕೆಲಸ ಸಿಕ್ಕಿಲ್ಲ. ಮುಂದಿನ ತಿಂಗಳಿಂದ ಕಂತು ಶುರು. ಜಾಮೀನು ಹಾಕಿದ್ದು ನನ್ನ ಸೋದರಮಾವ. ಏನು ಮಾಡಲಿ?
— ಪದವೀಧರೆ, ಹೊನ್ನಾವರ

ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ. ತಪ್ಪಿದ ಮೇಲೆ ಹೋಗುವುದಕ್ಕೂ ಇದಕ್ಕೂ ಅಜಗಜಾಂತರ. ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ ಎಂದಾಗುತ್ತದೆ. ನಿಮ್ಮ ಹೆಸರಿನ ಜೊತೆ ಮಾವನ ಹೆಸರೂ ಕೆಡುತ್ತದೆ, ಅವರಿಗೆ ನಾಳೆ ಬೆಳೆ ಸಾಲ ಬೇಕಾದಾಗ ಅದು ಕಾಣುತ್ತದೆ. ಬ್ಯಾಂಕುಗಳು ಅನುಸರಿಸುವ ಶಿಕ್ಷಣ ಸಾಲದ ಮಾದರಿ ಯೋಜನೆಯಲ್ಲೇ ನಿರುದ್ಯೋಗದ ಕಾರಣಕ್ಕೆ ಸಾಲದ ಅವಧಿಯಲ್ಲಿ ಎರಡು ಮೂರು ಬಾರಿ ಬಿಡುವು ಕೊಡಲು ಅವಕಾಶವಿದೆ. ಬ್ಯಾಂಕು ತಾನಾಗಿ ಹೇಳುವುದಿಲ್ಲ, ನೀವು ಕೇಳಬೇಕು. ಅರ್ಜಿಯಲ್ಲಿ ಸಾಲದ ಖಾತೆ ಸಂಖ್ಯೆ, ಕೋರ್ಸ್ ಮುಗಿದ ದಿನಾಂಕ, ಎಷ್ಟು ತಿಂಗಳು ಬಿಡುವು ಬೇಕು ಎಂಬುದನ್ನು ಬರೆದು, ಸಂದರ್ಶನಕ್ಕೆ ಹೋದ ಇಮೇಲ್ ಪ್ರತಿಗಳನ್ನು ಲಗತ್ತಿಸಿ.

ಬಿಡುವು ಸಿಕ್ಕರೂ ಬಡ್ಡಿ ನಿಲ್ಲದು. ಈಗ ಅದು ಅಸಲಿಗೆ ಸೇರುತ್ತಾ ಹೋಗುವ ಬಡ್ಡಿ. ಆದ್ದರಿಂದ ಕಂತು ಆಗದಿದ್ದರೂ ತಿಂಗಳ ಬಡ್ಡಿಯನ್ನಾದರೂ ಕಟ್ಟಲು ನೋಡಿ. ಪದವಿ ಮುಗಿದು 180 ದಿನವಾದರೂ ಕೆಲಸ ಸಿಗದವರಿಗೆ ರಾಜ್ಯದ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3,000 ರೂಪಾಯಿ, ಗರಿಷ್ಠ ಎರಡು ವರ್ಷ ಸಿಗುತ್ತದೆ. ಸೇವಾಸಿಂಧು ಪೋರ್ಟಲ್‌ನಲ್ಲಿ ಅರ್ಜಿ. ಶೇ 10ರಲ್ಲಿ 3.6 ಲಕ್ಷದ ಬಾಕಿಗೆ ತಿಂಗಳ ಬಡ್ಡಿ ಸರಿಯಾಗಿ 3,000.

ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ‘ಇಷ್ಟು ಕಟ್ಟಿ ಸೆಟಲ್ ಮಾಡಿ’ ಎಂಬ ಮಾತಿಗೆ ಬೇಗ ಒಪ್ಪಬೇಡಿ. ಪೂರ್ತಿ ತೀರಿಸದೆ ಸೆಟಲ್ ಮಾಡಿದ್ದು ಕ್ರೆಡಿಟ್ ವರದಿಯಲ್ಲಿ ಹಾಗೆಯೇ ದಾಖಲಾಗಿ, ಮುಂದೆ ಮನೆ ಸಾಲ ಕೇಳುವಾಗ ಎದುರಾಗುತ್ತದೆ. ಕೆಲಸ ಸಿಕ್ಕ ಮೇಲೆ ಕೈಯಲ್ಲಿ ಹೆಚ್ಚು ಹಣ ಬಂದಾಗಲೆಲ್ಲ ಅಸಲಿಗೆ ಕಟ್ಟಿ, ಬದಲಾಗುವ ಬಡ್ಡಿದರದ ಸಾಲಕ್ಕೆ ಅವಧಿಪೂರ್ವ ಪಾವತಿಯ ದಂಡ ಇಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಕಟ್ಟಿದ ಬಡ್ಡಿಗೆ ಎಂಟು ವರ್ಷ ಆದಾಯ ತೆರಿಗೆ ವಿನಾಯಿತಿ ಇದೆ, ಹೊಸ ಪದ್ಧತಿಯಲ್ಲಿ ಇಲ್ಲ. ಬಿಡುವಿನ ಅರ್ಜಿಯನ್ನು ಈ ವಾರವೇ ಎರಡು ಪ್ರತಿ ಬರೆಯಿರಿ, ಒಂದರ ಮೇಲೆ ಶಾಖೆಯ ಸೀಲು, ದಿನಾಂಕ ಹಾಕಿಸಿಕೊಂಡು ಅದರ ನಕಲನ್ನು ಸೋದರಮಾವನಿಗೂ ಕೊಡಿ.